ಸೋತ ತಂಡದ ನಾಯಕ: ಹೊಣೆ ಎಷ್ಟು, ಹೊರೆ ಎಷ್ಟು?

(ವಿಜಯನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ವಚನ, ಶಾಸನ, ಕಾವ್ಯ ಎಂಬುದು ರೂಢಿ. ಈ ಸಲ ವಿಷಯ ಕ್ರಿಕೆಟ್. ಇದಕ್ಕೆ ಕ್ಷಮೆ ಕೇಳುವ ಅಗತ್ಯವಿಲ್ಲ. ಹದಿನೇಳು ವರ್ಷ ಬೆಂಗಳೂರಿನ ಈ ಪಶ್ಚಿಮ ಬಡಾವಣೆಗಳಲ್ಲಿ ಏಪ್ರಿಲ್, ಮೇ ತಿಂಗಳು ಬಂತೆಂದರೆ ನವರಂಗ್ ಸುತ್ತಮುತ್ತಲ ದರ್ಶಿನಿಗಳಲ್ಲಿ, ಹಾವನೂರು ಸರ್ಕಲ್ಲಿನಲ್ಲಿ, ಇತ್ತೀಚಿನ ವರ್ಷಗಳಲ್ಲಿ ಕಬ್ಬನ್ ಪಾರ್ಕಿನಿಂದ ಕೆಂಗೇರಿಗೆ ಮರಳುವ ಕೊನೆಯ ಮೆಟ್ರೊದಲ್ಲಿ ಜನ ತಲೆ ಕೆಡಿಸಿಕೊಂಡು ವಾದಿಸಿದ ಪ್ರಶ್ನೆ ಒಂದಿದೆ. ಆರ್‌ಸಿಬಿ ಸೋತಿದ್ದು ಯಾರಿಂದ? ಉತ್ತರ ಬಹುಮಟ್ಟಿಗೆ ಒಂದೇ ಹೆಸರಿನಲ್ಲಿ ಮುಗಿಯುತ್ತಿತ್ತು. ಆ ಹೆಸರು ಆಯಾ ವರ್ಷದ ನಾಯಕನದು.

ಆ ಉತ್ತರ ಎಷ್ಟರ ಮಟ್ಟಿಗೆ ನ್ಯಾಯವಾದದ್ದು ಎಂಬುದನ್ನು ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ. ನಾಯಕನನ್ನು ಕಾಪಾಡುವುದು ಇದರ ಕೆಲಸವಲ್ಲ. ಅವನ ಖಾತೆಗೆ ಸೇರಬೇಕಾದ್ದನ್ನು ಅವನ ಖಾತೆಗೇ ಹಾಕಿ, ಸೇರದ್ದನ್ನು ಬೇರೆ ಯಾರ ಖಾತೆಗೆ ಹಾಕಬೇಕೆಂದು ಹುಡುಕುವುದಷ್ಟೇ ಕೆಲಸ.

1. ಮೊದಲ ತಲೆದಂಡ

2008ರ ಏಪ್ರಿಲ್ 18. ಐಪಿಎಲ್‌ನ ಮೊಟ್ಟಮೊದಲ ಪಂದ್ಯ, ಚಿನ್ನಸ್ವಾಮಿ ಕ್ರೀಡಾಂಗಣ. ಕೋಲ್ಕತ್ತದ ಬ್ರೆಂಡನ್ ಮೆಕಲಮ್ 73 ಎಸೆತಗಳಲ್ಲಿ ಔಟಾಗದೆ 158 ಚಚ್ಚಿದರು. 223ರ ಗುರಿ ಬೆನ್ನತ್ತಿದ ಬೆಂಗಳೂರು 82ಕ್ಕೆ ಗಂಟುಮೂಟೆ ಕಟ್ಟಿತು. ಎರಡಂಕಿ ಮುಟ್ಟಿದ ಆರ್‌ಸಿಬಿ ಬ್ಯಾಟ್ಸ್‌ಮನ್ ಒಬ್ಬರೇ, ಪ್ರವೀಣ್ ಕುಮಾರ್, 18. ಇತರೆ ರನ್ 19. ಅಂದರೆ ಆ ರಾತ್ರಿ ಬೆಂಗಳೂರಿನ ಪರ ಹೆಚ್ಚು ‘ಆಡಿದ್ದು’ ಕೋಲ್ಕತ್ತದ ವೈಡು, ಲೆಗ್ ಬೈಗಳು.

ನಾಯಕ ರಾಹುಲ್ ದ್ರಾವಿಡ್. ತಂಡ 14 ಪಂದ್ಯಗಳಲ್ಲಿ ನಾಲ್ಕು ಗೆದ್ದು ಎಂಟು ತಂಡಗಳ ಪೈಕಿ ಏಳನೆಯ ಸ್ಥಾನದಲ್ಲಿ ನಿಂತಿತು. ‘ಟೆಸ್ಟ್ ತಂಡ’ ಎಂಬ ಗೇಲಿ ದೇಶವೆಲ್ಲ ಹಬ್ಬಿತು. 11.16 ಕೋಟಿ ಡಾಲರ್ ಸುರಿದು ತಂಡ ಕೊಂಡಿದ್ದ ವಿಜಯ್ ಮಲ್ಯ ಮೊದಲು ಮುಖ್ಯ ಕಾರ್ಯನಿರ್ವಹಣಾಧಿಕಾರಿ ಚಾರು ಶರ್ಮ ಅವರನ್ನು ಟೂರ್ನಿಯ ನಡುವೆಯೇ ತೆಗೆದರು. ಆಟಗಾರರ ಆಯ್ಕೆಯನ್ನು ದ್ರಾವಿಡ್ ಮತ್ತು ಶರ್ಮ ಕೈಗೆ ಬಿಟ್ಟಿದ್ದೇ ತಮ್ಮ ತಪ್ಪು ಎಂಬರ್ಥದ ಮಾತನ್ನು ಬಹಿರಂಗವಾಗಿ ಆಡಿದರು. ಮುಂದಿನ ವರ್ಷ ನಾಯಕತ್ವ ಕೆವಿನ್ ಪೀಟರ್ಸನ್ ಪಾಲಾಯಿತು.

ಈಗ ಅದೇ ವರ್ಷದ ಅಂಕಿಪಟ್ಟಿ ನೋಡಬೇಕು. ಆ ಟೂರ್ನಿಯಲ್ಲಿ ಆರ್‌ಸಿಬಿ ಪರ ಅತಿ ಹೆಚ್ಚು ರನ್ ಗಳಿಸಿದವರು ಇದೇ ದ್ರಾವಿಡ್, 371 ರನ್. ಜಾಕ್ ಕಾಲಿಸ್ 199, ಹತ್ತೊಂಬತ್ತರ ಹುಡುಗ ವಿರಾಟ್ ಕೊಹ್ಲಿ 165. ಬ್ಯಾಟು ಹಿಡಿದು ತಂಡಕ್ಕೆ ಅತಿ ಹೆಚ್ಚು ದುಡಿದವನ ಮೇಲೆಯೇ ಗೂಬೆ ಕೂತಿತು. ಆದರೆ ಇನ್ನೊಂದು ಮಾತೂ ನಿಜ. ಆಯ್ಕೆಯಲ್ಲಿ ದ್ರಾವಿಡ್ ಅವರಿಗೆ ದನಿ ಇತ್ತು. ಇಪ್ಪತ್ತು ಓವರಿನ ಆಟಕ್ಕೆ ಆ ತಂಡ ಹೊಂದುತ್ತಿರಲಿಲ್ಲ. ಆ ಮಟ್ಟಿಗೆ ದೂರು ಸುಳ್ಳಲ್ಲ. ಸುಳ್ಳಾದದ್ದು ಅದರ ಅಳತೆ.

2009ರಲ್ಲಿ ಏನಾಯಿತು ನೋಡಿ. ಪೀಟರ್ಸನ್ ಟೂರ್ನಿಯ ನಡುವೆ ಇಂಗ್ಲೆಂಡ್ ತಂಡ ಸೇರಲು ಹೊರಟರು. ಅನಿಲ್ ಕುಂಬ್ಳೆ ನಾಯಕರಾದರು. ಹಿಂದಿನ ವರ್ಷ ‘ಮುದುಕರ ತಂಡ’ ಅನ್ನಿಸಿಕೊಂಡಿದ್ದ ತಂಡದ ಬೆನ್ನೆಲುಬೇ ದಕ್ಷಿಣ ಆಫ್ರಿಕಾದಲ್ಲಿ ಫೈನಲ್ ತಲುಪಿತು. ಮೇ 24ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಕುಂಬ್ಳೆ 16 ರನ್ನಿಗೆ ನಾಲ್ಕು ವಿಕೆಟ್ ಕಿತ್ತರು. ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠರಾದರು. ಡೆಕ್ಕನ್ ಚಾರ್ಜರ್ಸ್ 143, ಬೆಂಗಳೂರು 137. ಆರು ರನ್ ಸೋಲು.

2. ಬಡಿಸುವವನ ಪಾಡು

ಅಮೆರಿಕದ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನಿರುತ್ತಾನೆ. ಹೆಚ್ಚುಕಡಿಮೆ ಪ್ರತಿ ದಾಳಿಯೂ ಅವನ ಕೈಗೆ ಚೆಂಡು ಬಂದ ಮೇಲೇ ಶುರು. ಎಸೆಯಬೇಕೋ, ಪಕ್ಕದವನಿಗೆ ಕೊಡಬೇಕೋ, ತಾನೇ ಓಡಬೇಕೋ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸುವವನು ಅವನು. ಅಲ್ಲಿಯ ಜನ ಗೆಲುವು ಸೋಲುಗಳ ಲೆಕ್ಕವನ್ನು ಅವನ ಹೆಸರಿನಲ್ಲೇ ಬರೆದಿಡುತ್ತಾರೆ. ನಮ್ಮ ಕ್ರಿಕೆಟ್ ನಾಯಕನಿಗೆ ಹತ್ತಿರದ ಬಂಧು ಅವನೇ.

ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡಕ್ಕೆ 1971ರಲ್ಲಿ ಸೇರಿದ ಆರ್ಚಿ ಮ್ಯಾನಿಂಗ್ ಇಡೀ ವೃತ್ತಿಜೀವನದಲ್ಲಿ ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ 35 ಪಂದ್ಯ ಗೆದ್ದರು, 101 ಸೋತರು. 1980ರಲ್ಲಿ ಆ ತಂಡ ಹದಿನಾರರಲ್ಲಿ ಒಂದೇ ಪಂದ್ಯ ಗೆದ್ದಾಗ ಅಭಿಮಾನಿಗಳು ಮುಖಕ್ಕೆ ಕಾಗದದ ಚೀಲ ಹಾಕಿಕೊಂಡು ಕ್ರೀಡಾಂಗಣಕ್ಕೆ ಬಂದರು. ಎದುರಾಳಿಗಳು ಮೈಮೇಲೆ ಬೀಳದಂತೆ ತಡೆಯುವ ಸಾಲು ಅವರ ಮುಂದೆ ಗಟ್ಟಿಯಾಗಿರಲಿಲ್ಲ. ಅವರ ಇಬ್ಬರು ಮಕ್ಕಳು, ಪೇಟನ್ ಮತ್ತು ಈಲೈ, ಒಳ್ಳೆಯ ತಂಡಗಳಿಗೆ ಅದೇ ಜಾಗದಲ್ಲಿ ಆಡಿ ತಲಾ ಎರಡು ಸೂಪರ್ ಬೌಲ್ ಗೆದ್ದರು. ಸ್ಟೀವ್ ಯಂಗ್ ಕಥೆ ಇನ್ನೂ ಸ್ಪಷ್ಟ: ಟ್ಯಾಂಪಾ ಬೇ ತಂಡದಲ್ಲಿ ಮೂರು ಗೆಲುವು, ಹದಿನಾರು ಸೋಲು. ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ ಮೇಲೆ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ.

ಮದುವೆ ಊಟದಲ್ಲಿ ಸಾರು ಕೆಟ್ಟರೆ ಬೈಗುಳ ತಿನ್ನುವವನು ಬಡಿಸುವವನು. ಅಡುಗೆಯವನು ಪರದೆಯ ಹಿಂದೆ, ಸಾಮಾನು ತಂದವನು ಮನೆಯಲ್ಲಿ. ನಾಯಕ ಪಂಕ್ತಿಯ ಎದುರು ನಿಂತಿರುತ್ತಾನೆ. ಟಾಸಿಗೆ ಬರುವವನೂ ಅವನೇ, ಸೋತ ಮೇಲೆ ಮೈಕಿನ ಮುಂದೆ ನಿಲ್ಲುವವನೂ ಅವನೇ. ಹರಾಜಿನ ಮೇಜಿನ ಮುಂದೆ ಫಲಕ ಎತ್ತಿದವರನ್ನು ಮೇ ತಿಂಗಳ ಸೋಲಿನ ರಾತ್ರಿ ಯಾರೂ ಹುಡುಕುವುದಿಲ್ಲ.

3. ಹರಾಜಿನ ಮೇಜು

ಕೊಹ್ಲಿ 2013ರಲ್ಲಿ ಪೂರ್ಣಾವಧಿ ನಾಯಕರಾದರು, 2021ರವರೆಗೆ ತಂಡ ನಡೆಸಿದರು. ಆ ಒಂಬತ್ತು ವರ್ಷಗಳ ಎರಡು ತುದಿಗಳು ಹನ್ನೊಂದು ತಿಂಗಳ ಅಂತರದಲ್ಲೇ ಇವೆ.

2016ರಲ್ಲಿ ಅವರ ಬ್ಯಾಟಿನಿಂದ ಬಂದದ್ದು 973 ರನ್, ನಾಲ್ಕು ಶತಕ. ಮೇ 29ರ ಫೈನಲ್ ಸ್ವಂತ ಊರಿನಲ್ಲಿ. ಹೈದರಾಬಾದ್ 208. ಕ್ರಿಸ್ ಗೇಲ್ ಮತ್ತು ಕೊಹ್ಲಿ 10.3 ಓವರಿನಲ್ಲಿ 114 ಸೇರಿಸಿದರು. ಆಮೇಲೆ ಕುಸಿತ. ಸೋಲು ಎಂಟು ರನ್ನಿನಿಂದ. ಮರುದಿನದ ಮಾತೆಲ್ಲ ಬ್ಯಾಟಿಂಗ್ ಕುಸಿದದ್ದರ ಸುತ್ತ ಸುತ್ತಿತು. ಆದರೆ ಅದಕ್ಕೆ ಮೊದಲೇ ಶೇನ್ ವಾಟ್ಸನ್ ನಾಲ್ಕು ಓವರಿನಲ್ಲಿ 61 ರನ್ ಕೊಟ್ಟಿದ್ದರು. ಬೆನ್ ಕಟಿಂಗ್ 15 ಎಸೆತದಲ್ಲಿ 39 ಬಾರಿಸಿದ್ದರು. ಹಿಂದಿನ ವರ್ಷ ಆರ್‌ಸಿಬಿಗೆ 20 ವಿಕೆಟ್ ತಂದುಕೊಟ್ಟಿದ್ದ ಮಿಚೆಲ್ ಸ್ಟಾರ್ಕ್ ಗಾಯದಿಂದಾಗಿ ಆ ಸಲ ಇರಲೇ ಇಲ್ಲ. ಕೊನೆಯ ಓವರುಗಳಿಗೆ ಅವರ ತೂಕದ ಬೌಲರ್ ಇಲ್ಲದೆ ತಂಡ ಫೈನಲ್‌ಗೆ ಬಂದಿತ್ತು.

2017ರ ಏಪ್ರಿಲ್ 23, ಈಡನ್ ಗಾರ್ಡನ್ಸ್. ಗೇಲ್, ಕೊಹ್ಲಿ, ಎ.ಬಿ. ಡಿವಿಲಿಯರ್ಸ್ ಮೂವರೂ ಆಡಿದ ಪಂದ್ಯ. 132ರ ಗುರಿಗೆ ಆರ್‌ಸಿಬಿ 49ಕ್ಕೆ ಆಲೌಟ್. ಒಬ್ಬರೂ ಎರಡಂಕಿ ಮುಟ್ಟಲಿಲ್ಲ. ಆ ವರ್ಷ ತಂಡ ಕೊನೆಯ ಸ್ಥಾನಕ್ಕಿಳಿಯಿತು. ನಾಯಕ ಅದೇ ನಾಯಕ. ಹನ್ನೊಂದು ತಿಂಗಳಲ್ಲಿ ಅವರ ತಲೆಯೇನೂ ಖಾಲಿಯಾಗಿರಲಿಲ್ಲ.

ದುಡ್ಡು ಎತ್ತ ಹರಿಯಿತು ಎಂಬುದು ಇಲ್ಲಿ ಮುಖ್ಯ. 2014ರಲ್ಲಿ ಯುವರಾಜ್ ಸಿಂಗ್ ಅವರಿಗೆ 14 ಕೋಟಿ, 2015ರಲ್ಲಿ ದಿನೇಶ್ ಕಾರ್ತಿಕ್ ಅವರಿಗೆ 10.5 ಕೋಟಿ. ಮೇಲಿನ ಕ್ರಮಾಂಕ ಥಳಥಳಿಸಿತು, ಬೌಲಿಂಗ್ ಬಡವಾಗಿ ಉಳಿಯಿತು. ಅದೂ ಚಿನ್ನಸ್ವಾಮಿಯಂಥ ಮೈದಾನದಲ್ಲಿ. ಬೌಂಡರಿ ಹತ್ತಿರ, ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ, ಗಾಳಿ ತೆಳು, ತಪ್ಪಿ ತಾಗಿದ ಚೆಂಡೂ ಸಿಕ್ಸರ್. ಬೌಲರ್‌ಗಳಿಗೆ ಹೆಚ್ಚು ದುಡ್ಡು ಹಾಕಬೇಕಾದ ಊರಿದು. ಯುಜ್ವೇಂದ್ರ ಚಾಹಲ್ ಇಲ್ಲೇ ವರ್ಷಗಟ್ಟಲೆ ವಿಕೆಟ್ ಕಿತ್ತರು. 2022ಕ್ಕೆ ಮುನ್ನ ತಂಡ ಅವರನ್ನು ಕೈಬಿಟ್ಟಿತು. ರಾಜಸ್ಥಾನ 6.5 ಕೋಟಿಗೆ ಕೊಂಡಿತು. ಆ ವರ್ಷ ಅವರು 27 ವಿಕೆಟ್ ಪಡೆದು ಟೂರ್ನಿಯ ಅಗ್ರ ಬೌಲರ್ ಆದರು. ಅಷ್ಟರಲ್ಲಿ ಕೊಹ್ಲಿ ನಾಯಕತ್ವ ಬಿಟ್ಟಾಗಿತ್ತು.

ಇದೇ ಊರಿನ ಇನ್ನೊಂದು ತಂಡ ಆ ದಿನಗಳಲ್ಲಿ ಏನು ಮಾಡುತ್ತಿತ್ತು? ದಾವಣಗೆರೆಯ ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಟ್ರೋಫಿ ಗೆದ್ದಿತು. ವಿನಯ್, ಅಭಿಮನ್ಯು ಮಿಥುನ್, ಶ್ರೀನಾಥ್ ಅರವಿಂದ್ ಮೂವರ ವೇಗದ ದಾಳಿಯೇ ಆ ತಂಡದ ಬಂಡವಾಳ. ಅದೇ ವಿನಯ್ 2013ರಲ್ಲಿ ಆರ್‌ಸಿಬಿ ಪರ 23 ವಿಕೆಟ್ ಕಿತ್ತಿದ್ದರು, ಮರುವರ್ಷ ಕೋಲ್ಕತ್ತದ ಪಾಲಾದರು. 2014ರ ಜೂನ್ 1ರಂದು ಐಪಿಎಲ್ ಫೈನಲ್ ನಡೆದದ್ದು ಚಿನ್ನಸ್ವಾಮಿಯಲ್ಲೇ. ಕಪ್ ಎತ್ತಿದ್ದು ಕೋಲ್ಕತ್ತ. ಆ ಪಂದ್ಯದಲ್ಲಿ 94 ಹೊಡೆದವರು ಮನೀಶ್ ಪಾಂಡೆ. ಆ ಟೂರ್ನಿಯಲ್ಲಿ ಅತಿ ಹೆಚ್ಚು, 660 ರನ್ ಗಳಿಸಿದವರು ರಾಬಿನ್ ಉತ್ತಪ್ಪ. ಇಬ್ಬರೂ ಕರ್ನಾಟಕದವರು, ಇಬ್ಬರೂ ಹಿಂದೊಮ್ಮೆ ಆರ್‌ಸಿಬಿಯವರು. ಆರ್‌ಸಿಬಿ ಆ ವರ್ಷ ಏಳನೆಯ ಸ್ಥಾನದಲ್ಲಿತ್ತು.

4. ನಾಯಕನ ಖಾತೆಗೇ ಸೇರಬೇಕಾದದ್ದು

ಇಷ್ಟು ಹೇಳಿ ನಾಯಕನನ್ನು ಬಿಡುಗಡೆ ಮಾಡಿದರೆ ಅದೂ ಅನ್ಯಾಯ. ಟಾಸಿನಿಂದ ಕೊನೆಯ ಎಸೆತದವರೆಗೆ ಅವನ ಕೈಯಲ್ಲೇ ಇರುವ ತೀರ್ಮಾನಗಳಿವೆ.

2012ರ ಏಪ್ರಿಲ್ 12, ಚೆನ್ನೈನ ಚೆಪಾಕ್. ಚೆನ್ನೈಗೆ ಎರಡು ಓವರಿನಲ್ಲಿ 43 ರನ್ ಬೇಕಿತ್ತು. ನಾಯಕ ಡೇನಿಯಲ್ ವೆಟೋರಿ ಹತ್ತೊಂಬತ್ತನೆಯ ಓವರಿಗೆ ಚೆಂಡು ಕೊಟ್ಟದ್ದು ಕೊಹ್ಲಿಗೆ. ಆಲ್ಬಿ ಮಾರ್ಕೆಲ್ ಆ ಓವರಿನಲ್ಲಿ ಪಂದ್ಯ ತಿರುಗಿಸಿದರು. ಹೋದದ್ದು 28 ರನ್. 206ರ ಗುರಿಯನ್ನು ಚೆನ್ನೈ ಕೊನೆಯ ಎಸೆತಕ್ಕೆ ಮುಟ್ಟಿತು. ಅರೆಕಾಲಿಕ ಬೌಲರನಿಗೆ ಅಂಥ ಓವರ್ ಕೊಟ್ಟದ್ದು ಮಾಲೀಕರಲ್ಲ, ಹರಾಜಲ್ಲ, ನಾಯಕ.

2020ರ ಅಕ್ಟೋಬರ್ 15, ಶಾರ್ಜಾ. ಎದುರಾಳಿ ಪಂಜಾಬ್. ಲೆಗ್ ಸ್ಪಿನ್ನರ್‌ಗಳನ್ನು ಎದುರಿಸಲು ಎಡಗೈಯವರೇ ಸರಿ ಎಂದುಕೊಂಡು ಆರ್‌ಸಿಬಿಯವರು ವಾಷಿಂಗ್ಟನ್ ಸುಂದರ್, ಶಿವಂ ದುಬೆ ಅವರನ್ನು ಮೊದಲು ಕಳಿಸಿದರು. ಡಿವಿಲಿಯರ್ಸ್ ಆರನೆಯ ಕ್ರಮಾಂಕಕ್ಕೆ ಸರಿದರು. ಅವರು ಗಳಿಸಿದ್ದು ಎರಡು ರನ್. ತಂಡ 171ಕ್ಕೆ ನಿಂತಿತು, ಪಂಜಾಬ್ ಎಂಟು ವಿಕೆಟ್‌ನಿಂದ ಗೆದ್ದಿತು. ಟೂರ್ನಿಯ ಅತ್ಯಂತ ಅಪಾಯಕಾರಿ ಬ್ಯಾಟ್ಸ್‌ಮನ್ನನ್ನು ಡಗ್‌ಔಟಿನಲ್ಲಿ ಕೂರಿಸಿದ ತೀರ್ಮಾನಕ್ಕೆ ಕೊಹ್ಲಿ ಮತ್ತು ಅವರ ಬೆಂಬಲ ಸಿಬ್ಬಂದಿ ಉತ್ತರಿಸಲೇಬೇಕು. ಆ ರಾತ್ರಿ ಪಂಜಾಬಿಗೆ ರನ್ ತಂದವರ ಪಟ್ಟಿ ನೋಡಿದರೆ ಮಾತ್ರ ಹರಾಜಿನ ಮೇಜು ಮತ್ತೆ ಕಣ್ಣಮುಂದೆ ಬರುತ್ತದೆ: ಕೆ.ಎಲ್. ರಾಹುಲ್ 61, ಗೇಲ್ 53, ಮಯಂಕ್ ಅಗರ್ವಾಲ್ 45. ಮೂವರೂ ಆರ್‌ಸಿಬಿ ಬಿಟ್ಟುಕೊಟ್ಟವರು. ಪಂಜಾಬಿನ ಕೋಚ್ ಅನಿಲ್ ಕುಂಬ್ಳೆ.

ಆ ವರ್ಷ ತಂಡ ಎಲಿಮಿನೇಟರಿನಲ್ಲಿ ಸೋತಾಗ ಗೌತಮ್ ಗಂಭೀರ್ ನೇರವಾಗಿ ಹೇಳಿದರು: ಎಂಟು ವರ್ಷ ಒಂದೂ ಕಪ್ ಇಲ್ಲವೆಂದರೆ ಅದು ದೀರ್ಘ ಕಾಲ, ನಾಯಕ ಹೊಣೆ ಹೊರಬೇಕು, ಬದಲಾವಣೆ ಆಗಬೇಕು. ಬೆಂಗಳೂರಿನವರಿಗೆ ಸಿಟ್ಟು ಬಂತು. ಆದರೆ ವಾದದಲ್ಲಿ ತೂಕವಿತ್ತು. ಒಂದು ಋತುವಿನ ಸೋಲಿಗೆ ಗಾಯ, ಅದೃಷ್ಟ, ಪಿಚ್ಚು ಎಂದು ಕಾರಣ ಕೊಡಬಹುದು. ಎಂಟು ಋತು ಕಳೆದರೆ ತಂಡದ ಸ್ವರೂಪವೇ ನಾಯಕನ ಗುಣವನ್ನು ಹೀರಿಕೊಂಡಿರುತ್ತದೆ. ಯಾರನ್ನು ಉಳಿಸಿಕೊಳ್ಳಬೇಕು ಎಂಬ ಮಾತಿನಲ್ಲಿ ಕೊಹ್ಲಿಯಂಥವರ ಮಾತಿಗೆ ಬೆಲೆಯಿಲ್ಲ ಎಂದು ಯಾರೂ ನಂಬಲಾರರು. ಗಂಭೀರ್ ಮರೆತದ್ದು ಒಂದೇ. ಅವರ ನಾಯಕತ್ವದಲ್ಲಿ ಕೋಲ್ಕತ್ತ ಎತ್ತಿದ 2014ರ ಕಪ್ಪಿಗೆ ರನ್ನು ಕೊಟ್ಟವರಲ್ಲಿ ಇಬ್ಬರು ಬೆಂಗಳೂರು ಕಳೆದುಕೊಂಡ ಹುಡುಗರು.

5. ಕೊನೆಯಲ್ಲಿ ನಿಂತವನು

ಸೋಲಿನ ಸಿಟ್ಟಿಗೆ ಗುರಿಯಾಗುವವನು ನಾಯಕನೇ ಆಗಬೇಕೆಂದಿಲ್ಲ. ಕೆಂಗೇರಿ ಸಮೀಪ, ಜ್ಞಾನಭಾರತಿ ಆವರಣಕ್ಕೆ ಹೊಂದಿಕೊಂಡ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರದಲ್ಲಿ ಭಾರತ ಹಾಕಿ ತಂಡ ವರ್ಷದ ಬಹುಪಾಲು ತರಬೇತಿ ನಡೆಸುತ್ತದೆ. ಅಲ್ಲಿ ಗೋಲ್‌ಪೋಸ್ಟಿನ ಕೆಳಗೆ ನಿಲ್ಲುವ ಹುಡುಗರಿಗೆ ಮೀರ್ ರಂಜನ್ ನೇಗಿ ಎಂಬ ಹೆಸರು ಗೊತ್ತಿರಬೇಕು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನ ಭಾರತವನ್ನು 7-1ರಿಂದ ಮಣಿಸಿತು. ಏಳು ಗೋಲೂ ನೇಗಿಯವರನ್ನು ದಾಟಿ ಹೋದವು. ಜನ ಅವರನ್ನು ದೇಶದ್ರೋಹಿ ಎಂದರು. ಪ್ರತಿ ಗೋಲಿಗೂ ಮೊದಲು ಮಧ್ಯಪಂಕ್ತಿ, ರಕ್ಷಣಾಪಂಕ್ತಿ ದಾಟಿ ಚೆಂಡು ಬಂದಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. ಅದೇ ನೇಗಿ 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಗೋಲ್‌ಕೀಪಿಂಗ್ ಕೋಚ್ ಆಗಿದ್ದರು. 32 ವರ್ಷಗಳ ಬಳಿಕ ಬಂದ ಆ ಚಿನ್ನದ ಫೈನಲ್‌ನಲ್ಲಿ ಕೊರಿಯಾದ ಹೊಡೆತಗಳನ್ನು ಟೈಬ್ರೇಕರಿನಲ್ಲಿ ತಡೆದವರು ಬೆಂಗಳೂರಿನ ಆಶಿಶ್ ಬಲ್ಲಾಳ್.

ಕ್ರಿಕೆಟ್‌ನಲ್ಲಿ ಒಬ್ಬನ ಮೇಲೆ ಗೂಬೆ ಕೂರಿಸುವ ಈ ಚಟ ಹಳೆಯದು. 1971ರಲ್ಲಿ ಇಂಗ್ಲೆಂಡನ್ನು ಅವರದೇ ನೆಲದಲ್ಲಿ ಸೋಲಿಸಿ ಬಂದ ಅಜಿತ್ ವಾಡೇಕರ್ ತಂಡದ ಗೌರವಾರ್ಥ ಇಂದೋರಿನಲ್ಲಿ ಸಿಮೆಂಟಿನ ದೊಡ್ಡ ಬ್ಯಾಟ್ ನಿಲ್ಲಿಸಿದ್ದರು. 1974ರಲ್ಲಿ ಭಾರತ ಲಾರ್ಡ್ಸ್‌ನಲ್ಲಿ 42ಕ್ಕೆ ಆಲೌಟ್ ಆಗಿ ಸರಣಿ 0-3ರಿಂದ ಸೋತಾಗ ಜನ ಅದೇ ಬ್ಯಾಟನ್ನು ವಿರೂಪಗೊಳಿಸಿದರು. ವಾಡೇಕರ್ ಆಟಕ್ಕೇ ವಿದಾಯ ಹೇಳಿದರು. ದ್ರಾವಿಡ್ ನಾಯಕತ್ವದಲ್ಲಿ 2007ರ ವಿಶ್ವಕಪ್‌ನಿಂದ ಭಾರತ ಗುಂಪು ಹಂತದಲ್ಲೇ ಹೊರಬಿದ್ದಾಗ ಪ್ರತಿಕೃತಿಗಳು ಸುಟ್ಟವು. ಅದೇ ಬೇಸಿಗೆಯಲ್ಲಿ ಅವರದೇ ತಂಡ ಇಂಗ್ಲೆಂಡಿನಲ್ಲಿ 21 ವರ್ಷಗಳ ಬಳಿಕ ಟೆಸ್ಟ್ ಸರಣಿ ಗೆದ್ದದ್ದು ಆ ಬೂದಿಯಲ್ಲಿ ಹೂತುಹೋಯಿತು.

6. ಆರು ರನ್

ನಾಯಕ ಬದಲಾಗದೆ ಫಲಿತಾಂಶ ಬದಲಾದ ಉದಾಹರಣೆಯೂ ಕೈಯಳತೆಯಲ್ಲಿದೆ. 2024ರಲ್ಲಿ ಫಾಫ್ ಡುಪ್ಲೆಸಿ ನಾಯಕತ್ವದ ಆರ್‌ಸಿಬಿ ಮೊದಲ ಎಂಟು ಪಂದ್ಯಗಳಲ್ಲಿ ಏಳು ಸೋತಿತು. ನಂತರದ ಆರನ್ನೂ ಗೆದ್ದು ಪ್ಲೇಆಫ್ ಸೇರಿತು. ಮೊದಲ ಎಂಟಕ್ಕೆ ಡುಪ್ಲೆಸಿ ದಡ್ಡರಾದರೆ ಮುಂದಿನ ಆರಕ್ಕೆ ಜಾಣರಾಗಿದ್ದು ಹೇಗೆ?

2025ರ ತಂಡಕ್ಕೆ ರಜತ್ ಪಾಟಿದಾರ್ ನಾಯಕ. ಅವರ ಹೆಗಲ ಮೇಲೆ ಕಪ್ಪಿನ ಕೀರ್ತಿ ಬಂತು, ಬರಬೇಕಾದದ್ದೇ. ಆದರೆ ಅದಕ್ಕೂ ಮುಂಚೆ ಹರಾಜಿನ ಮೇಜಿನಲ್ಲಿ ದುಡ್ಡಿನ ದಾರಿ ಬದಲಾಗಿತ್ತು. ಜೋಶ್ ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್ ಕುಮಾರ್‌ಗೆ 10.75 ಕೋಟಿ, ಕೃಣಾಲ್ ಪಾಂಡ್ಯಗೆ 5.75 ಕೋಟಿ. ಹೇಜಲ್‌ವುಡ್ 22 ವಿಕೆಟ್ ತೆಗೆದರು, ಭುವನೇಶ್ವರ್ ಮತ್ತು ಕೃಣಾಲ್ ತಲಾ 17. ಎದುರಾಳಿಗಳ ತವರಿನಲ್ಲಿ ಆಡಿದ ಏಳು ಲೀಗ್ ಪಂದ್ಯಗಳನ್ನೂ ಗೆದ್ದ ಮೊದಲ ತಂಡವೆಂಬ ದಾಖಲೆ ಬರೆದದ್ದು ಈ ಬೌಲಿಂಗ್. ಚಿನ್ನಸ್ವಾಮಿಯಲ್ಲಿ ಮೊದಲ ಮೂರು ಪಂದ್ಯಗಳನ್ನು ಇದೇ ತಂಡ ಸೋತಿತ್ತು ಎಂಬುದನ್ನೂ ಮರೆಯಬಾರದು.

ಜೂನ್ 3, ಅಹಮದಾಬಾದ್. ಬೆಂಗಳೂರು 190, ಪಂಜಾಬ್ 184. 2009ರಲ್ಲಿ ಸೋತ ಅಂತರ ಎಷ್ಟೋ ಈಗ ಗೆದ್ದ ಅಂತರವೂ ಅಷ್ಟೇ. ಕೊಹ್ಲಿ ಆ ಟೂರ್ನಿಯಲ್ಲಿ 657 ರನ್ ಗಳಿಸಿದ್ದರು, 973ರ ವರ್ಷಕ್ಕಿಂತ ಬಹಳ ಕಡಿಮೆ. ಫೈನಲ್‌ನಲ್ಲಿ 35 ಎಸೆತಕ್ಕೆ 43. ನಿಧಾನ ಆಯಿತೆಂಬ ಗೊಣಗಾಟ ಇನಿಂಗ್ಸ್ ಮುಗಿಯುವ ಮೊದಲೇ ಶುರುವಾಗಿತ್ತು. ಕೊನೆಯ ಓವರಿಗೆ ಪಂಜಾಬಿಗೆ 29 ಬೇಕಿತ್ತು. ಶಶಾಂಕ್ ಸಿಂಗ್ ಹೇಜಲ್‌ವುಡ್‌ಗೆ 22 ಬಾರಿಸಿದರು. ಇನ್ನೊಂದು ಸಿಕ್ಸರ್, ಒಂದು ರನ್ ಸೇರಿದ್ದರೆ ಆ 43 ರನ್ನಿಗೆ ಏನು ಗತಿ ಬರುತ್ತಿತ್ತೆಂದು ಈ ಸಭೆಗೆ ಹೇಳಬೇಕಿಲ್ಲ. ಕೃಣಾಲ್ ಅವರ 17 ರನ್ನಿಗೆ ಎರಡು ವಿಕೆಟ್ ಯಾರಿಗೂ ನೆನಪಿರುತ್ತಿರಲಿಲ್ಲ.

7. ಮರುದಿನ

ಆ ಗೆಲುವಿನ ಮಾತು ಜೂನ್ 4ಕ್ಕೆ ಬಾರದೆ ಮುಗಿಯುವಂತಿಲ್ಲ. ವಿಜಯನಗರ, ಅತ್ತಿಗುಪ್ಪೆ, ರಾಜಾಜಿನಗರಗಳಿಂದಲೂ ಜನ ವಿಜಯೋತ್ಸವಕ್ಕೆ ಹೊರಟ ದಿನ ಅದು. ಚಿನ್ನಸ್ವಾಮಿಯ ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಮಾರನೆಯ ದಿನ ನಗರ ಪೊಲೀಸ್ ಕಮಿಷನರ್ ಸೇರಿ ಹಲವು ಅಧಿಕಾರಿಗಳ ಅಮಾನತು. ಆರ್‌ಸಿಬಿ, ಕಾರ್ಯಕ್ರಮ ನಡೆಸಿದ ಸಂಸ್ಥೆ ಮತ್ತು ರಾಜ್ಯ ಕ್ರಿಕೆಟ್ ಸಂಸ್ಥೆಗಳ ಮೇಲೆ ಎಫ್‌ಐಆರ್. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ನೇತೃತ್ವದಲ್ಲಿ ವಿಚಾರಣಾ ಆಯೋಗ.

ಆಟದ ಸೋಲನ್ನೂ ಜೀವಗಳ ಸಾವನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಆದರೆ ಒಂದು ಹೆಸರು ಹಿಡಿದು ಸಿಟ್ಟು ತಣಿಸಿಕೊಳ್ಳುವ ಅಭ್ಯಾಸ ಆಟದ ಮೈದಾನದಲ್ಲಿ ಬೆಳೆದರೆ ಹೊರಗೂ ಅದೇ ಅಭ್ಯಾಸ ನಡೆಯುತ್ತದೆ. ಸೋತ ರಾತ್ರಿ ಕೇಳಬೇಕಾದ ಪ್ರಶ್ನೆಗಳು ಹೀಗಿದ್ದವು: ತಂಡ ಕಟ್ಟಿದವರು ಯಾರು, ಗಾಯಾಳುವಿಗೆ ಬದಲಿ ಏಕೆ ಇರಲಿಲ್ಲ, ಆ ಓವರ್ ಕೊಟ್ಟವರು ಯಾರು, ಆ ಓವರಿಗೆ ಬೇರೆ ಯಾರಿದ್ದರು. ಜೂನ್ 4ರ ಸಂಜೆಗೂ ಅದೇ ರೀತಿಯಲ್ಲಿ ಬಿಡಿಬಿಡಿಯಾಗಿ ಉತ್ತರ ಬೇಕು: ಜನರನ್ನು ಕರೆದವರು ಯಾರು, ಅನುಮತಿ ಕೇಳಿದವರು ಯಾರು, ಕೊಟ್ಟವರು ಯಾರು, ಗೇಟು ಯಾವಾಗ ತೆರೆಯಬೇಕೆಂದು ತೀರ್ಮಾನಿಸಿದವರು ಯಾರು, ಅದನ್ನು ತಡೆಯುವ ಅಧಿಕಾರ ಯಾರ ಕೈಯಲ್ಲಿತ್ತು.